ಐರ್ಲೆಂಡಿನವರ ಮುಂದೆ ಅತ್ತೆಯ ಚಾಡಿ

"ನನ್ನ ಹೆಣ ಬೀಳೋಗಂಟ ಈ ಮನೆ ಸೊಸೆ ಪರದೇಶಕ್ಕೆ ಹೋಗಂಗಿಲ್ಲ," ಎಂದು ದೊಡ್ಡಲಕ್ಷ್ಮಮ್ಮ ಮುದ್ದೆಯ ತಟ್ಟೆಯನ್ನು ಮುಂದಕ್ಕೆ ತಳ್ಳಿದರು.

ನಡುಮನೆಯಲ್ಲಿ ಊಟಕ್ಕೆ ಕೂತಿದ್ದವರಲ್ಲಿ ಯಾರ ಕೈಯೂ ನಿಲ್ಲಲಿಲ್ಲ. ಯಾಕೆಂದರೆ ಸೋಲೂರಿನ ಆ ಮನೆಯಲ್ಲಿ ದೊಡ್ಡಲಕ್ಷ್ಮಮ್ಮನವರ ಹೆಣ ಬೀಳಬೇಕಾಗಿದ್ದು ಅದೇ ಮೊದಲಲ್ಲ. ಫ್ರಿಜ್ಜು ತರುವಾಗಲೂ ಬೀಳಬೇಕಿತ್ತು. ಸೊಸೆ ಮಮತಾ ಮಾಗಡಿಯ ನರ್ಸಿಂಗ್ ಹೋಮಿಗೆ ಕೆಲಸಕ್ಕೆ ಸೇರುವಾಗಲೂ ಬೀಳಬೇಕಿತ್ತು. ಫ್ರಿಜ್ಜು ಬಂತು, ಸೊಸೆ ದಿನಾ ಮಾಗಡಿ ಬಸ್ಸು ಹತ್ತಿದಳು, ದೊಡ್ಡಲಕ್ಷ್ಮಮ್ಮ ಮಾತ್ರ ಗುಂಡುಕಲ್ಲಿನಂತೆ ಇದ್ದರು. ಇರಲಿ ಬಿಡಿ, ದೇವರು ಇನ್ನಷ್ಟು ಆಯಸ್ಸು ಕೊಡಲಿ. ಆದರೆ ಈ ಸಲ ಅವರು ಒಂದು ತುತ್ತೂ ಮುರಿಯದೆ ತಟ್ಟೆ ತಳ್ಳಿದ್ದನ್ನು ಮಾತ್ರ ಯಾರೂ ಗಮನಿಸಲಿಲ್ಲ.

"ಅವ್ವ, ಎರಡೇ ವರ್ಷ ಕಣವ್ವ. ಆಮೇಲೆ ವಾಪಸ್ ಬತ್ತಾಳೆ," ಎಂದ ಮಗ ಯೋಗಾನಂದ. ಅವನು ಊರಿನ ಹಾಲಿನ ಡೇರಿಯ ಕಾರ್ಯದರ್ಶಿ. ಹಾಲಿಗೆ ನೀರು ಬೆರೆಸಿದವರನ್ನು ಗದರಿಸುವ ಅವನ ದನಿ ಅವ್ವನ ಮುಂದೆ ತಾನೇ ನೀರಾಗುತ್ತಿತ್ತು.

ಮಮತಾ ತಲೆ ಎತ್ತಲಿಲ್ಲ. ಪಾಪ, ಆ ಹುಡುಗಿಯ ಆಸೆ ಏನೂ ಅತಿಯಾಗಿದ್ದಲ್ಲ. ನರ್ಸಿಂಗ್ ಓದುವಾಗ ಕ್ಲಾಸಿಗೇ ಮೊದಲಿಗಳು. ಅವಳಿಂದ ಕೇಳಿ ಬರೆದುಕೊಂಡ ಗೆಳತಿಯರೆಲ್ಲ ವಿಮಾನ ಹತ್ತಿ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಕೆಲಸ ಕಲಿತರು. ಇವಳು ಮಾತ್ರ ತಾಳಿ ಕಟ್ಟಿಸಿಕೊಂಡು ಸೋಲೂರಿಗೆ ಬಂದಳು. ಒಂದು ಸಲ, ಒಂದೇ ಒಂದು ಸಲ, ಅಂಥ ಆಸ್ಪತ್ರೆಯ ತುರ್ತು ವಾರ್ಡಿನಲ್ಲಿ ನಿಂತು ಕೆಲಸ ಮಾಡಬೇಕು ಎಂಬುದು ಅವಳೊಳಗೆ ಬೂದಿ ಮುಚ್ಚಿದ ಕೆಂಡದ ಹಾಗೆ ಉಳಿದಿತ್ತು. ಐರ್ಲೆಂಡಿನ ಆಸ್ಪತ್ರೆಯವರು ಈಗಾಗಲೇ ಎರಡು ಬಾರಿ ಕಂಪ್ಯೂಟರಿನ ಮೂಲಕ ಸಂದರ್ಶನ ಮಾಡಿದ್ದರು. ಎರಡು ಬಾರಿಯೂ ಇವಳು ಒಂದೇ ಕಡೆ ಮುಗ್ಗರಿಸಿದ್ದಳು. "ನಿಮ್ಮನ್ನೇ ನಾವು ಯಾಕೆ ತೆಗೆದುಕೊಳ್ಳಬೇಕು?" ಎಂದು ಕೇಳಿದ ಕೂಡಲೇ ಬಾಯಿಗೆ ಬೀಗ. ಮೂರನೆಯದೂ ತಪ್ಪಿದರೆ ಮತ್ತೆ ಅವಕಾಶವಿಲ್ಲ ಎಂದು ಬೆಂಗಳೂರಿನ ಏಜೆನ್ಸಿಯವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಹಾಗಾಗಿ ಸೊಸೆಯನ್ನು ತಯಾರು ಮಾಡುವ ಹೊಣೆಯನ್ನು ಮಾವ ಗಂಗಹನುಮಯ್ಯನವರೇ ಹೊತ್ತರು. ಅವರು ನಿವೃತ್ತ ಬಸ್ ಕಂಡಕ್ಟರು, ಆಯಸ್ಸೆಲ್ಲ ಮಾಗಡಿ-ನೆಲಮಂಗಲ ರಸ್ತೆಯಲ್ಲೇ ಸವೆಸಿದವರು. ಮದುವೆಯ ಕಾಲದ ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಕೂತು, ತಾವೇ ಐರ್ಲೆಂಡಾದರು.

"ಎಲ್ಲಿಂದ ಎಲ್ಲಿಗೆ?" ಇದು ಮೊದಲ ಪ್ರಶ್ನೆ.

"ಮಾವ, ಅವ್ರು ಹಂಗೆ ಕೇಳಲ್ಲ."

"ಸರಿ ಬುಡು. ನಿನ್ನಲ್ಲೇನು ವಿಶೇಷ ಐತೆ ಹೇಳವ್ವ."

ಮಮತಾ ಸೆರಗಿನ ತುದಿ ತಿರುಚಿದಳು. "ನನ್ನ ಬಾಯಲ್ಲಿ ನಾನೇ ಹೆಂಗೆ ಹೇಳ್ಕೊಳ್ಳಲಿ ಮಾವ? ನಾನು ಚೆನ್ನಾಗಿ ಕೆಲಸ ಮಾಡ್ತೀನಿ ಅಂತ ನಾನೇ ಅಂದ್ರೆ, ನೋಡಿದೋರು ಏನಂದ್ಕೊಂಡಾರು?"

ಗಂಗಹನುಮಯ್ಯ ಗಲ್ಲ ಕೆರೆದುಕೊಂಡರು. ಮಾತು ನಿಜವೇ ಆಗಿತ್ತು. ಅವಳನ್ನು ನೋಡಲು ಹೋದ ದಿನವೂ ಅವಳು ನೆಲ ನೋಡುತ್ತ ಕೂತಿದ್ದಳು. ಹುಡುಗಿಗೆ ಏನೇನು ಬರುತ್ತೆ ಅಂತ ಹೇಳಿದ್ದೆಲ್ಲ ಅವಳ ಸೋದರಮಾವ. ಹುಡುಗಿ ಬಾಯಿಬಿಟ್ಟು ತನ್ನನ್ನು ತಾನೇ ಹೊಗಳಿಕೊಂಡಿದ್ದರೆ ಇವರೇ ಎದ್ದು ಬರುತ್ತಿದ್ದರು.

ಇಷ್ಟೂ ದಿನ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದ ದೊಡ್ಡಲಕ್ಷ್ಮಮ್ಮ ಇದ್ದಕ್ಕಿದ್ದಂತೆ ಜಗಳ ನಿಲ್ಲಿಸಿದರು. ಮನೆಯವರು ನಿಟ್ಟುಸಿರು ಬಿಟ್ಟರು. ಬಿಡಬಾರದಿತ್ತು. ಸೋಲೂರು ಹೋಬಳಿಯಲ್ಲಿ ಸಂಬಂಧ ಕೂಡಿಸುವುದರಲ್ಲೂ ಮುರಿಯುವುದರಲ್ಲೂ ಆಕೆಯದು ಪಳಗಿದ ಕೈ. ಮುರಿಯಬೇಕಾದರೆ ಆಕೆ ಸುಳ್ಳು ಹೇಳಿದವರಲ್ಲ, ಆ ವಿಷಯದಲ್ಲಿ ಮಹಾ ಪ್ರಾಮಾಣಿಕರು. ಗಂಡಿನ ಕಡೆಯವರ ಪಕ್ಕ ಎಲೆ ಅಡಿಕೆ ಹಾಕಿಕೊಂಡು ಕೂತು, "ಹುಡುಗಿ ಒಳ್ಳೇವಳೇ, ಆದ್ರೆ..." ಎಂದು ಶುರು ಮಾಡಿದರೆ ಸಾಕು, ಗಂಡಿನ ಕಡೆಯವರು ಕಾಫಿ ಮುಗಿಸುವ ಮೊದಲೇ ಚಪ್ಪಲಿ ಹುಡುಕುತ್ತಿದ್ದರು. ಇದೂ ಒಂದು ಹೆಣ್ಣು ನೋಡುವ ಶಾಸ್ತ್ರವೇ ತಾನೇ, ಪರದೇಶದವರಾದರೇನು, ಕಿವಿ ಇಲ್ಲವೇ ಎಂದು ಆಕೆ ಲೆಕ್ಕ ಹಾಕಿದರು.

ಸಂದರ್ಶನದ ದಿನ ಮಧ್ಯಾಹ್ನ ಮನೆ ಹೆಣ್ಣು ನೋಡಲು ಬರುವ ಮನೆಯಂತೆಯೇ ಆಯಿತು. ಗಂಗಹನುಮಯ್ಯ ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿದರು. ಯೋಗಾನಂದ ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟು, ಕರೆಂಟು ಹೋದರೆ ಎಂದು ಡೇರಿಯಿಂದ ಬ್ಯಾಟರಿ ತಂದ. ಬೀದಿಯ ಕಡೆ ಕಿಟಕಿ ಮುಚ್ಚಿ, "ಯಾರೂ ಮಾತಾಡ್ಬ್ಯಾಡಿ," ಎಂದು ತಾನೇ ಹತ್ತಾರು ಸಲ ಹೇಳಿದ. ಮಮತಾ ಹಸಿರು ಸೀರೆ ಉಟ್ಟು, ಬೆವರಿದ ಅಂಗೈ ಒರೆಸಿಕೊಳ್ಳುತ್ತ ಕೂತಳು. ತೆರೆಯ ಮೇಲೆ ಬಿಳಿ ಕೂದಲಿನ ಒಬ್ಬ ಹೆಂಗಸು, ಪಕ್ಕದಲ್ಲಿ ಕನ್ನಡಕದ ಗಂಡಸು ಕಾಣಿಸಿದರು.

ಔಷಧ, ಡ್ರಿಪ್ಪು, ಸೋಂಕು ಎಂದು ಕೇಳಿದ್ದಕ್ಕೆಲ್ಲ ಮಮತಾ ಇಂಗ್ಲಿಷಿನಲ್ಲಿ ಪಟಪಟನೆ ಉತ್ತರಿಸಿದಳು. ಗಂಗಹನುಮಯ್ಯ ಬಾಗಿಲ ಮರೆಯಲ್ಲಿ ಸೀಟಿ ಊದುವಷ್ಟು ಖುಷಿಪಟ್ಟರು. ಆಮೇಲೆ ಬಿಳಿ ಕೂದಲಿನಾಕೆ ನಗುತ್ತ, "ನೀವು ನೋಡಿಕೊಂಡ ಒಬ್ಬ ತುಂಬಾ ಕಷ್ಟದ ರೋಗಿಯ ಬಗ್ಗೆ ಹೇಳಿ. ಅವರನ್ನು ಹೇಗೆ ನಿಭಾಯಿಸಿದಿರಿ?" ಎಂದರು.

ಮಮತಾ ಮತ್ತೆ ಸೆರಗಿನ ತುದಿ ತಿರುಚತೊಡಗಿದಳು. ಅವಳು ಕಂಡ ಅತಿ ಕಷ್ಟದ ರೋಗಿ ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದ ಸಾಕ್ಷಾತ್ ದೊಡ್ಡಲಕ್ಷ್ಮಮ್ಮ. ಆಕೆ ಅಲ್ಲೇ, ಕಂಬದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಮನೆ ಹಿರಿಯರನ್ನು ಪರರ ಮುಂದೆ ಆಡಿಕೊಳ್ಳುವುದೆ? ಅದರ ಮೇಲೆ ತನ್ನ ಸೇವೆಯನ್ನು ತಾನೇ ಕೊಚ್ಚಿಕೊಳ್ಳುವುದೆ? ತೆರೆಯ ಆಚೆ ಕನ್ನಡಕದವನು ಗಡಿಯಾರ ನೋಡಿದ. ಅಯ್ಯೋ, ಹೋಯಿತಲ್ಲ ಎಂದು ಯೋಗಾನಂದ ಹಣೆ ಹಿಡಿದುಕೊಂಡ. ಮಮತಾಳ ಕಣ್ಣಲ್ಲಿ ನೀರು ತುಂಬಿತು.

ಸಂಬಂಧ ಮುಕ್ಕಾಲು ಮುರಿದಿದೆ, ಇನ್ನೊಂದು ತಳ್ಳು ಸಾಕು ಎಂದು ದೊಡ್ಡಲಕ್ಷ್ಮಮ್ಮನವರಿಗೆ ಅನ್ನಿಸಿದ್ದು ಆಗಲೇ. ಊರುಗೋಲು ಊರಿಕೊಂಡು ಬಂದು ಸೊಸೆಯ ಪಕ್ಕದಲ್ಲಿ ಧಡಕ್ಕನೆ ಕೂತರು.

"ನಮಸ್ಕಾರ ಕಣವ್ವ," ಎಂದರು ತೆರೆಯ ಹೆಂಗಸಿಗೆ. "ಹುಡುಗಿ ಒಳ್ಳೇವಳೇ, ಆದ್ರೆ..."

"ಅವ್ವ, ಏಳವ್ವ," ಎಂದು ಯೋಗಾನಂದ ಪಿಸುಗುಟ್ಟಿದ. ಬಿಳಿ ಕೂದಲಿನಾಕೆ ಕುತೂಹಲದಿಂದ ಮುಂದೆ ಬಾಗಿ, ಯಾರಿವರು, ಏನು ಹೇಳುತ್ತಿದ್ದಾರೆ ಎಂದು ಕೇಳಿದರು.

"ನಮ್ಮತ್ತೆ. ಅವರೇ ನನ್ನ ರೋಗಿ," ಎಂದಳು ಮಮತಾ, ಬೇರೆ ದಾರಿ ಕಾಣದೆ. ರೋಗಿಯ ಮಾತನ್ನು ಇದ್ದದ್ದು ಇದ್ದಂತೆ ಒಪ್ಪಿಸಬೇಕು, ನಮ್ಮದನ್ನು ಸೇರಿಸಬಾರದು, ಬಿಡಬಾರದು ಎಂಬ ಪಾಠ ಅವಳಿಗೆ ರಕ್ತಗತ. ಹಾಗಾಗಿ ಅತ್ತೆ ಹೇಳಿದ್ದನ್ನು ಹೇಳಿದ ಹಾಗೇ ಇಂಗ್ಲಿಷಿಗೆ ತಿರುಗಿಸತೊಡಗಿದಳು.

"ಸ್ವಾಂಟ ಮುರ್ಕೊಂಡು ಬಿದ್ದಿದ್ರೆ ಒಂದಿನ ನೆಮ್ಮದಿಯಾಗಿ ಮಲಗಾಕೆ ಬುಡ್ನಿಲ್ಲ ಈ ಹಟಮಾರಿ. ಮಗ್ಗಲು ತಿರುಗಿಸೋಳು, ಕೂರ್ಸೋಳು, ನಡೀರಿ ನಡೀರಿ ಅಂತ ಪ್ರಾಣ ತಿನ್ನೋಳು. ನಾನು ಊರುಗೋಲಲ್ಲಿ ಹೊಡೆದ್ರೂ ಬುಡ್ನಿಲ್ಲ. ನಡ್ಸೇ ಬುಟ್ಳು."

ಮಮತಾ ಹೇಳಿದಳು. ಬಿಳಿ ಕೂದಲಿನಾಕೆ ತಲೆದೂಗಿದರು. ಆ ತಲೆದೂಗು ನೋಡಿ ದೊಡ್ಡಲಕ್ಷ್ಮಮ್ಮನವರಿಗೆ ಹುರುಪು ಬಂತು.

"ಕದ್ದು ಒಂದು ಒಬ್ಬಟ್ಟು ತಿನ್ನಂಗಿಲ್ಲ. ಬೆರಳು ಚುಚ್ಚಿ ಸಕ್ಕರೆ ಕಾಯಿಲೆ ನೋಡಿ, ಎಷ್ಟು ತಿಂದ್ರಿ ಅತ್ತೆ ಅಂತಾಳೆ. ಪೊಲೀಸ್ನೋರಿಗಿಂತ ಜೋರು. ದೊಡ್ಡೋರು ಚಿಕ್ಕೋರು ಅನ್ನೋದಿಲ್ಲ ಇವಳಿಗೆ. ದೊಡ್ಡ ಡಾಕ್ಟ್ರು ಬರ್ದಿದ್ದ ಮಾತ್ರೆ ನಂಗಾಗಲ್ಲ ಅಂತ ಅವ್ರ ಎದುರಿಗೇ ವಾದ ಮಾಡಿದ್ಲು. ನಾಚಿಕೆ ಆಯ್ತು ನಂಗೆ."

"ಆಮೇಲೆ ಡಾಕ್ಟರು ಏನು ಮಾಡಿದರಂತೆ?" ಎಂದು ಆಚೆಯಿಂದ ಪ್ರಶ್ನೆ ಬಂತು.

"ಏನ್ಮಾಡ್ತಾರೆ, ಮಾತ್ರೆ ಬದಲಾಯಿಸಿದ್ರು. ಇವಳ ಬಾಯಿಗೆ ಯಾರು ಬಿದ್ದಾರು. ಇನ್ನೊಂದು ಕೇಳು. ಬೀದೀಲಿ ಯಾರಾದ್ರೂ ಬಿದ್ರೆ ಸಾಕು, ಒಲೆ ಮೇಲೆ ಸಾರು ಬುಟ್ಟು ಓಡೋಯ್ತಾಳೆ. ಸಾರು ಸೀದೋಗಿ ನಾವು ಮಜ್ಜಿಗೆ ಅನ್ನ ಉಂಡಿದ್ದು ಎಷ್ಟು ಸಲವೋ..."

ತನ್ನ ಬಗ್ಗೆ ಒಂದು ಮಾತೂ ಹೇಳಲಾರದ ಮಮತಾ, ಅತ್ತೆಯ ಮಾತೆಂದು ಎಲ್ಲವನ್ನೂ ಚಾಚೂ ತಪ್ಪದೆ ಒಪ್ಪಿಸಿದಳು. ಆಚೆಯಿಬ್ಬರೂ ಮೈಕು ಬಂದ್ ಮಾಡಿಕೊಂಡು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಗೆದ್ದೆ ಎನ್ನುವಂತೆ ದೊಡ್ಡಲಕ್ಷ್ಮಮ್ಮ ಎಲೆ ಅಡಿಕೆಯ ಚೀಲಕ್ಕೆ ಕೈ ಹಾಕಿದರು. ದನಿ ಮತ್ತೆ ಬಂತು. ಕೇಳುತ್ತ ಕೇಳುತ್ತ ಮಮತಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಏನಂತೆ? ಬ್ಯಾಡವಂತಾ?"

"ಒಪ್ಕೊಂಡ್ರು ಅತ್ತೆ... ಇಂಥ ನರ್ಸೇ ನಮಗೆ ಬೇಕು ಅಂತಿದಾರೆ."

ಗಂಗಹನುಮಯ್ಯ ಬಾಗಿಲ ಮರೆಯಿಂದ, "ರೈಟ್ ರೈಟ್," ಎಂದು ಕೂಗಿಬಿಟ್ಟರು. ದೊಡ್ಡಲಕ್ಷ್ಮಮ್ಮನವರ ಕೈ ಚೀಲದೊಳಗೇ ಉಳಿಯಿತು. ಇಷ್ಟು ವರ್ಷದ ಅನುಭವದಲ್ಲಿ ಆಕೆಯ 'ಆದ್ರೆ' ಕೈಕೊಟ್ಟಿದ್ದು ಇದೇ ಮೊದಲು.

"ನಿಮ್ಮನ್ನೂ ಒಂದು ಮಾತು ಕೇಳ್ತಿದಾರೆ," ಮಮತಾ ಅತ್ತೆಯ ಕಡೆ ತಿರುಗಿದಳು. "ನಿಮ್ಮ ಸೊಸೇನ ಕಳಿಸಿಕೊಡ್ತೀರಾ ಅಂತ."

ಇಲ್ಲ ಅಂದರೆ ಮುಗಿಯಿತು. ಅತ್ತೆಯ ಮಾತು ಮೀರಿ ಮಮತಾ ಹೋಗುವವಳಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗಿಂತ ಚೆನ್ನಾಗಿ ದೊಡ್ಡಲಕ್ಷ್ಮಮ್ಮನವರಿಗೇ ಗೊತ್ತಿತ್ತು. ಆಕೆ ಸೊಸೆಯ ಮುಖವನ್ನು ನೋಡಿದರು. ಆ ಮುಖದಲ್ಲಿ ಬೇಡಿಕೆಯಿರಲಿಲ್ಲ, ಹೆದರಿಕೆಯಷ್ಟೇ ಇತ್ತು. ಒಂಬತ್ತು ವರ್ಷ ಒಂದೇ ಸೂರಿನಡಿ ಇದ್ದ ಹುಡುಗಿ. ಬಿದ್ದಾಗ ಹೆತ್ತ ಮಗಳಿಗಿಂತ ಹೆಚ್ಚಾಗಿ ಎತ್ತಿ ಆರೈಕೆ ಮಾಡಿದವಳು. ಅವಳಿಲ್ಲದ ಮನೆಯನ್ನು ನೆನೆದರೇ ಮುದುಕಿಯ ಎದೆ ಹಿಂಡಿತು. ಈ ಸಲದ ಹೆಣದ ಮಾತು ಅದಕ್ಕೇ ಹುಟ್ಟಿದ್ದು, ಬೇರೇನಕ್ಕೂ ಅಲ್ಲ.

ದೊಡ್ಡಲಕ್ಷ್ಮಮ್ಮ ತೆರೆಯ ಕಡೆ ತಿರುಗಿದರು. ಹೆಣ್ಣು ಕೊಡುವ ಮನೆಯ ತಾಯಿ ಬೀಗರ ಮುಂದೆ ಕೂರುವ ಹಾಗೆ ಸೆರಗು ಹೊದ್ದು ಕೂತರು.

"ಕಳಿಸ್ತೀನಿ ಕಣವ್ವ. ಆದ್ರೆ ಒಂದು ಮಾತು. ಇವಳು ಎಲ್ರಿಗೂ ಇಕ್ಕಿ ತಾನು ಉಣ್ಣೋದು ಮರೀತಾಳೆ. ಹಸಿವು ಅಂತ ಬಾಯಿ ಬುಟ್ಟು ಹೇಳೋಳಲ್ಲ, ಮುಖ ನೋಡಿ ತಿಳ್ಕೋಬೇಕು. ಉಂಡ್ಯಾ ಮಗಾ ಅಂತ ದಿನಾ ಒಬ್ರಾದ್ರೂ ಕೇಳಿ. ನಮ್ಮ ಮನೆ ಹೆಣ್ಣುಮಗು ಇವಳು."

ಬಿಳಿ ಕೂದಲಿನಾಕೆ ಮಮತಾಳ ಕಡೆ ನೋಡುತ್ತ, ಅವರು ಏನಂದರು ಎಂದು ಕೇಳಿದರು. ಮಮತಾ ಬಾಯಿ ತೆರೆದಳು. ಒಂದು ಪದವೂ ಹೊರಡಲಿಲ್ಲ.

"ಹೇಳೇ, ಕಾಯ್ತಾ ಅವ್ರೆ," ಎಂದು ದೊಡ್ಡಲಕ್ಷ್ಮಮ್ಮ ಮೊಣಕೈಯಿಂದ ತಿವಿದರು. "ಬೈದಿದ್ದೆಲ್ಲ ಅಷ್ಟು ಚೆಂದಾಗಿ ಹೇಳ್ದೆ, ಇದಕ್ಕೇನಾಯ್ತು ನಿಂಗೆ?"

"ಹೇಳ್ತೀನಿ ಅತ್ತೆ, ಒಸಿ ತಡೀರಿ," ಎಂದ ಮಮತಾ ಸೆರಗಿನಿಂದ ಮುಖ ಮುಚ್ಚಿಕೊಂಡಳು.