ಖಜೂರಿಯಲ್ಲಿ ಬಿಡಿಸಿದ ಪದಬಂಧ

ಪೆಟ್ಟಿಗೆಯೊಳಗಿನ ಇಳಕಲ್ ಸೀರೆಗಳ ಮಡಿಕೆ ಒಂದಿಷ್ಟೂ ಕದಲಿರಲಿಲ್ಲ. ಅವುಗಳ ಅಡಿಯಲ್ಲಿದ್ದ ಬಂಗಾರದ ಬೋರಮಾಳ ಮಾತ್ರ ಇರಲಿಲ್ಲ.

ಆಳಂದದ ಪೇಟೆಯಲ್ಲಿ ಖಾನಾವಳಿ ನಡೆಸುವ ಗುರುಬಾಯಿ ಗೋಡೆಗೊರಗಿ ಕುಸಿದಿದ್ದಳು. ತಾಯಿಯ ಕೊರಳಿನ ಒಡವೆ. ಮೊಮ್ಮಗಳು ಸೃಷ್ಟಿಯ ಮದುವೆಗೆಂದು ಕಾದಿಟ್ಟದ್ದು. ನಿನ್ನೆ ರಾತ್ರಿ ಕಣ್ಣಾರೆ ಕಂಡಿದ್ದಳು. ಬೆಳಿಗ್ಗೆ ಮನೆಗೆ ಬೀಗ ಹಾಕಿ, ಹಿಟ್ಟಿನ ಗಿರಣಿಗೆ ಹೋಗಿ ಬಂದು ಪೆಟ್ಟಿಗೆ ತೆರೆದರೆ ಹೀಗೆ.

ಸಬ್‌ಇನ್‌ಸ್ಪೆಕ್ಟರ್ ಶಾಂಭವಿ ಬಾಗಿಲಿನ ಬೀಗವನ್ನು ತಿರುವಿ ನೋಡಿದಳು. ಒಡೆದ ಗುರುತಿರಲಿಲ್ಲ.

"ಇದರ ಚಾವಿ ಎಷ್ಟವ?"

"ಎರಡ್ರಿ ಮೇಡಂ. ಒಂದು ನನ್ನ ಸೊಂಟದಾಗ ಇರ್ತದ." ಗುರುಬಾಯಿ ಹೊಸ್ತಿಲಾಚೆ ನಿಂತಿದ್ದ ಹೆಂಗಸನ್ನು ನೋಡಿ ಕಣ್ಣು ತಗ್ಗಿಸಿದಳು. "ಇನ್ನೊಂದು ಖುರ್ಷಿದಾನ ಹತ್ರ."

ಪಕ್ಕದ ಮನೆಯ ಖುರ್ಷಿದಬೇಗಂ ಹರೆಯದಿಂದಲೂ ಆ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು. ಆಕೆ ಅಳಲಿಲ್ಲ, ಆಣೆ ಹಾಕಲಿಲ್ಲ. ಗೆಳತಿಯ ಮುಖವನ್ನೇ ಒಂದು ಗಳಿಗೆ ದಿಟ್ಟಿಸಿದಳು. ನಂತರ ಸೆರಗು ಹೊದ್ದು, ಓಣಿಯ ಮಂದಿಯೆಲ್ಲ ನೋಡುತ್ತಿದ್ದಂತೆ ತಾನೇ ಹೋಗಿ ಪೊಲೀಸ್ ಜೀಪಿನಲ್ಲಿ ಕುಳಿತಳು.

\* \* \*

ಠಾಣೆಯಲ್ಲಿ ಶಾಂಭವಿಯ ತಲೆ ಗೊಂದಲದ ಗೂಡಾಗಿತ್ತು.

ಹೊತ್ತು ಮುಳುಗುವುದರೊಳಗೆ ತೀರ್ಮಾನವಾಗಬೇಕು. ಸೂರ್ಯಾಸ್ತದ ಮೇಲೆ ಹೆಂಗಸನ್ನು ಠಾಣೆಯಲ್ಲಿ ಕೂಡಿಸಿಕೊಳ್ಳುವಂತಿಲ್ಲ. ಒಂದೋ ಈಗಲೇ ದಸ್ತಗಿರಿ ಮಾಡಬೇಕು, ಇಲ್ಲವೇ ಬಿಡಬೇಕು. ಮೇಲಿನವರ ಫೋನು ಆಗಲೇ ಬಂದಿತ್ತು: ಚಾವಿ ಅವಳ ಬಳಿಯೇ ಇರುವಾಗ ಯೋಚನೆ ಏನಿದೆ?

ಯೋಚನೆ ಇತ್ತು. ಖುರ್ಷಿದಾಳ ಮನೆಯನ್ನು ಜಾಲಾಡಿದರೂ ಗುಲಗಂಜಿ ಚಿನ್ನ ಸಿಕ್ಕಿರಲಿಲ್ಲ. ಖಾನಾವಳಿಯ ಗಿರಾಕಿ ಧಮ್ಮಪಾಲ ಬೆಳಿಗ್ಗೆ ಹಿತ್ತಲಲ್ಲಿ ಸುಳಿದಾಡಿದ್ದನೆಂದು ಸುದ್ದಿ ಬಂತು. ಹಿಡಿದು ತಂದು ಕೇಳಿದರೆ, ತೊಳೆಯಲು ಕೊಟ್ಟಿದ್ದ ಡಬ್ಬಿ ಒಯ್ಯಲು ಬಂದಿದ್ದನಂತೆ. ಡಬ್ಬಿಯೂ ಇತ್ತು, ಸಾಕ್ಷಿಯೂ ಇತ್ತು. ಗುರುಬಾಯಿಯ ಅಣ್ಣನ ಮಗ ಶಿವಪ್ರಕಾಶ ರಾತ್ರಿ ಅವಳ ಮನೆಯಲ್ಲೇ ಮಲಗಿದ್ದ. ಆದರೆ ಅತ್ತೆ ಗಿರಣಿಗೆ ಹೋಗುವ ಮೊದಲೇ, ನಸುಕಿನಲ್ಲೇ, ತೊಗರಿ ಲಾರಿಗೆ ಹೇರಿಸಲು ಗಡಿಯ ಖಜೂರಿಗೆ ಹೋಗಿದ್ದನಂತೆ. ಅವನ ಮೇಲೆ ಯಾರಿಗೂ ಗುಮಾನಿ ಇರಲಿಲ್ಲ.

ಇಷ್ಟು ಸಾಲದೆಂಬಂತೆ ಅಂದಿನ ಪದಬಂಧವೂ ಕೈಕೊಟ್ಟಿತ್ತು. ಶಾಂಭವಿ, ಅಫಜಲಪುರದಲ್ಲೊಬ್ಬಳು, ಜೇವರ್ಗಿಯಲ್ಲೊಬ್ಬಳು, ಹೀಗೆ ತರಬೇತಿಯ ಕಾಲದ ಮೂವರು ಗೆಳತಿಯರು ಒಂದೇ ಪತ್ರಿಕೆಯ ಪದಬಂಧವನ್ನು ದಿನವೂ ಪೈಪೋಟಿಯ ಮೇಲೆ ಬಿಡಿಸುತ್ತಿದ್ದರು. ಉಷ್ಟ್ರಪಕ್ಷಿಯ ಕಣ್ಣು ಅದರ ಮಿದುಳಿಗಿಂತ ದೊಡ್ಡದೆಂದು ಅವಳು ಕಲಿತದ್ದೇ ಅಲ್ಲಿ. ಇಂದು ಮಾತ್ರ ಮೊದಲ ಸುಳಿವಿಗೇ ಮುಗ್ಗರಿಸಿದ್ದಳು. "ಮೂರು ಹೃದಯಗಳುಳ್ಳ ಕಡಲಜೀವಿ." ಅಷ್ಟಪದಿಯೇ ಸರಿ. ಆದರೆ ನಾಲ್ಕಕ್ಷರದ ಪ್ರಾಣಿಗೆ ಪತ್ರಿಕೆ ಕೊಟ್ಟದ್ದು ಎರಡೇ ಮನೆ. ಉಳಿದವೂ ಹಾಗೆಯೇ, ಒಂದು ಪದಕ್ಕೆ ಮನೆ ಹೆಚ್ಚಾದರೆ ಇನ್ನೊಂದಕ್ಕೆ ಸಾಲದು. ಗೆಳತಿಯರಿಬ್ಬರೂ ತಮಗೂ ಹೊಂದುತ್ತಿಲ್ಲವೆಂದು ಸಂದೇಶ ಕಳಿಸಿದ್ದರು. ಈ ದಿನವೇ ಸರಿಯಿಲ್ಲವೆಂದು ಶಾಂಭವಿ ಪತ್ರಿಕೆಯನ್ನು ಮೇಜಿನ ಮೂಲೆಗೆ ತಳ್ಳಿದ್ದಳು.

\* \* \*

ಬಿಸಿಲು ಇಳಿಯುವ ಹೊತ್ತಿಗೆ ಗುರುಬಾಯಿ ಠಾಣೆಗೆ ಬಂದಳು. ಜೊತೆಗೆ ಶಿವಪ್ರಕಾಶ. ಇಸ್ತ್ರಿ ಹಾಕಿದ ಅಂಗಿ, ಕಂಕುಳಲ್ಲಿ ಮಡಿಸಿದ ಪತ್ರಿಕೆ. ಖಜೂರಿಯಿಂದ ಈಗಷ್ಟೇ ಬಂದೆನೆಂದ. ಅತ್ತೆಯ ಸ್ಥಿತಿ ನೋಡಲಾಗುವುದಿಲ್ಲ, ಬೇಗ ಕೇಸು ಮುಗಿಸಿರೆಂದು ವಿನಯದಿಂದಲೇ ಒತ್ತಾಯಿಸಿದ. ಮೂಲೆಯ ಬೆಂಚಿನಲ್ಲಿದ್ದ ಖುರ್ಷಿದಾಳತ್ತ ತಿರುಗಿಯೂ ನೋಡಲಿಲ್ಲ.

ಅವನ ಕಣ್ಣು ಮೇಜಿನ ಮೇಲಿನ ಪದಬಂಧಕ್ಕೆ ಬಿತ್ತು. ಹೊಡೆದು ಹಾಕಿದ ಅಕ್ಷರಗಳನ್ನು ಕಂಡು ನಗು ತಡೆಯಲಾಗಲಿಲ್ಲ.

"ಇಷ್ಟ ಹಗೂರ ಇದ್ದದ್ದು ನಿಮಗ ಬರ್ಲಿಲ್ಲೇನ್ರಿ ಮೇಡಂ? ಚಾ ಆರೂದ್ರಾಗ ಬಿಡಿಸಿ ಒಗೆದೆ ನಾ."

"ಮೂರು ಹೃದಯದ್ದು?"

"ಅಷ್ಟಪದಿ. ನಾಕು ಮನಿ, ಅಳತಿ ತಗೊಂಡು ಹೊಲಿದಂಗ ಕೂತದ."

ಶಾಂಭವಿ ಕೈ ಚಾಚಿದಳು. ಅವನು ಹೆಮ್ಮೆಯಿಂದಲೇ ಪತ್ರಿಕೆ ಕೊಟ್ಟ. ಅದೇ ಪತ್ರಿಕೆ, ಅದೇ ದಿನಾಂಕ, ಅವೇ ಸುಳಿವುಗಳು. ಆದರೆ ಕಪ್ಪು ಮನೆಗಳಿದ್ದ ಜಾಗ ಬೇರೆ. ಎಲ್ಲ ಪದಗಳೂ ಒಪ್ಪವಾಗಿ ಕುಳಿತಿದ್ದವು.

ಒಂದೇ ದಿನ, ಒಂದೇ ಪತ್ರಿಕೆ, ಎರಡು ಪದಬಂಧ. ಅವಳ ಗೊಂದಲ ಇಮ್ಮಡಿಯಾಯಿತು.

"ಪೇಪರ್ ಎಲ್ಲಿ ಕೊಂಡ್ರಿ?"

"ಖಜೂರಿ ಬಸ್‌ಸ್ಟ್ಯಾಂಡಿನ್ಯಾಗ. ಯಾಕ್ರಿ?"

ಅವಳು ಪಕ್ಕದ ಕೋಣೆಗೆ ಹೋಗಿ ಪತ್ರಿಕೆಯ ಏಜೆಂಟ್ ನಿಜಾಮುದ್ದೀನನಿಗೆ ಫೋನು ಮಾಡಿದಳು.

\* \* \*

ಮರಳಿ ಬಂದಾಗ ಅವಳ ಮುಖ ತಿಳಿಯಾಗಿತ್ತು. ಪೇದೆ ಅಂಬಾರಾಯನಿಗೆ ಬಾಗಿಲಲ್ಲಿ ನಿಲ್ಲುವಂತೆ ಕಣ್ಸನ್ನೆ ಮಾಡಿದಳು.

"ಶಿವಪ್ರಕಾಶ, ನೀವು ಇವತ್ತು ಖಜೂರಿಗೆ ಹೋಗೇ ಇಲ್ಲ. ಕಲಬುರಗಿಗೆ ಹೋಗಿದ್ರಿ."

ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು.

ಶಾಂಭವಿ ಎರಡೂ ಪತ್ರಿಕೆಗಳನ್ನು ಅಕ್ಕಪಕ್ಕ ಹರಡಿದಳು. ದೂರದ ತಾಲ್ಲೂಕುಗಳಿಗೆ ಹೋಗುವ ಪತ್ರಿಕೆ ಮೊದಲು ಅಚ್ಚಾಗುತ್ತದೆ, ಬಸ್ಸು ಹಿಡಿಯಬೇಕಲ್ಲ. ಇಂದು ಆ ಮೊದಲ ಮುದ್ರಣದಲ್ಲಿ ಹೊಸ ಸುಳಿವುಗಳ ಜೊತೆಗೆ ನಿನ್ನೆಯ ಚೌಕ ಅಚ್ಚಾಗಿಬಿಟ್ಟಿತ್ತು. ತಪ್ಪು ಕಣ್ಣಿಗೆ ಬೀಳುವಷ್ಟರಲ್ಲಿ ಕಟ್ಟುಗಳು ಆಳಂದ, ಅಫಜಲಪುರ, ಜೇವರ್ಗಿಗೆ ಹೊರಟಾಗಿತ್ತು. ತಿದ್ದಿದ ಚೌಕ ಅಚ್ಚಾದದ್ದು ಕೊನೆಯ ಮುದ್ರಣದಲ್ಲಿ, ಅದು ಮಾರಾಟವಾದದ್ದು ಕಲಬುರಗಿ ಪಟ್ಟಣದಲ್ಲಿ ಮಾತ್ರ. ಬೆಳಗಿನಿಂದ ಓದುಗರ ಬೈಗುಳ ತಿಂದು ಸುಸ್ತಾಗಿದ್ದ ನಿಜಾಮುದ್ದೀನ ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ್ದ. ಆಳಂದದ ಕಟ್ಟಿನಿಂದಲೇ ಖಜೂರಿಗೆ ಪತ್ರಿಕೆ ಕಳಿಸುವವನೂ ಅವನೇ.

"ಮೂರು ತಾಲ್ಲೂಕಿನ್ಯಾಗ ಯಾರಿಗೂ ಬಿಡಿಸಾಕ ಬರಲಾರದ್ದು ನಿಮಗ ಹೆಂಗ ಬಂತು? ತೊಗರಿ ಹೇರಾಕ ಹೋದವರು ಸುಳ್ಳು ಹೇಳೋ ಜರೂರತ್ತು ಏನಿತ್ತು?"

ಶಾಂಭವಿ ಮುಂದುವರಿಸಿದಳು. ಬೀಗ ಒಡೆಯದಿದ್ದಕ್ಕೆ ಕಾರಣ ಎರಡನೆಯ ಚಾವಿಯಲ್ಲ. ಕಳ್ಳತನ ನಡೆದಾಗ ಬಾಗಿಲಿಗೆ ಹೊರಗಿನಿಂದ ಬೀಗವೇ ಬಿದ್ದಿರಲಿಲ್ಲ. ಅತ್ತೆ ನಿದ್ದೆಯಲ್ಲಿದ್ದಾಗಲೇ ಒಡವೆ ಒಳಗೆ ಮಲಗಿದ್ದವನ ಕೈಸೇರಿತ್ತು. ಗಿರಣಿಗೆ ಹೊರಟ ಗುರುಬಾಯಿ ಬೀಗ ಹಾಕಿದ್ದು ಒಡವೆ ಆಗಲೇ ಹೋಗಿದ್ದ ಮನೆಗೆ.

ಗುರುಬಾಯಿ ನಿಧಾನವಾಗಿ ಎದ್ದು ನಿಂತಳು. "ಹೌದೇನೋ ಶಿವು?"

"ಅದು ನಮ್ಮ ಆಯಿದು, ನಮ್ಮಪ್ಪನ ಅವ್ವಂದು, ಅತ್ತಿ." ಅವನ ದನಿ ಒಡೆಯಿತು. "ನಮ್ಮ ಮನಿ ಬಂಗಾರ. ನಿನ್ನ ಮೊಮ್ಮಗಳ ಕೊಳ್ಳಾಗ ಬ್ಯಾರೆ ಮನಿಗೆ ಹೋಗೂದದ. ನಾ ಸುಮ್ಮ ನೋಡ್ಕೋತ ಕೂಡ್ಬೇಕಿತ್ತೇನ?"

ಅವನೇ ಒಪ್ಪಿಕೊಂಡಂತೆ ಬೋರಮಾಳ ಕಲಬುರಗಿಯ ಸರಾಫನೊಬ್ಬನ ಅಂಗಡಿಯಲ್ಲಿತ್ತು, ಸರಾಫ ಅದನ್ನು ನಾಳೆ ಕರಗಿಸಲಿದ್ದ. ಕರಗಿಸದಂತೆ ಶಾಂಭವಿ ಅಲ್ಲಿಂದಲೇ ಫೋನಿನಲ್ಲಿ ತಾಕೀತು ಮಾಡಿದಳು. ಅಂಬಾರಾಯ ಶಿವಪ್ರಕಾಶನನ್ನು ಒಳಗೆ ಕರೆದೊಯ್ದ.

\* \* \*

ಹೊತ್ತು ಮುಳುಗಲು ಇನ್ನೂ ಸ್ವಲ್ಪ ಸಮಯವಿತ್ತು. ಜೀಪಿನಲ್ಲಿ ಮನೆ ಮುಟ್ಟಿಸುತ್ತೇನೆಂದು ಶಾಂಭವಿ ಹೇಳಿದಾಗ ಖುರ್ಷಿದಬೇಗಂ ತಲೆಯಾಡಿಸಿದಳು.

"ಜೀಪ್ ಬ್ಯಾಡ್ರಿ. ಅದರಾಗ ಬಂದದ್ದು ಓಣಿ ಮಂದಿ ಎಲ್ಲಾ ನೋಡ್ಯಾರ. ನಾ ಕಳ್ಳಿ ಅಲ್ಲ ಅಂತ ಅವರಿಗೆ ಯಾರು ಹೇಳವ್ರು?"

ಗುರುಬಾಯಿ ಚಪ್ಪಲಿ ಮೆಟ್ಟಿ ಮುಂದೆ ನಡೆದಳು. ಗೊಬ್ಬರದ ಅಂಗಡಿಯ ಮುಂದೆ ನಿಂತಳು. ಗಲ್ಲಾಪೆಟ್ಟಿಗೆಯ ಮುಂದಿದ್ದವನನ್ನು ಕರೆದು, ಕದ್ದವನು ತನ್ನ ಅಣ್ಣನ ಮಗ, ಖುರ್ಷಿದಾಳ ಮೇಲೆ ತಾನು ಹೊರಿಸಿದ್ದು ಸುಳ್ಳು ಎಂದಳು. ಪಕ್ಕದ ಬಟ್ಟೆಯಂಗಡಿಗೂ ಅದನ್ನೇ ಹೇಳಿದಳು. ಹಾಗೆಯೇ ಮುಂದಿನದಕ್ಕೂ. ಹೇಳಿ ಹೇಳಿ ಗಂಟಲು ಒಣಗಿತು. ಸಾಲಿನ ಕೊನೆಯ ಅಂಗಡಿ ಮುಗಿದಾಗ ಸೆರಗಿನಿಂದ ಮುಖ ಒರೆಸಿಕೊಂಡು ಮನೆಯ ಕಡೆ ತಿರುಗಿದಳು.

ಹಿಂದೆಯೇ ನಡೆದು ಬಂದಿದ್ದ ಖುರ್ಷಿದಬೇಗಂ ನಿಂತಲ್ಲಿಂದ ಕದಲಲಿಲ್ಲ.

"ಗುರಕ್ಕಾ, ಆ ಕಡಿ ಸಾಲು ಇನ್ನಾ ಉಳದದ."

ಗುರುಬಾಯಿ ರಸ್ತೆ ದಾಟಿದಳು.