ಲೆಮ್ ಕಟ್ಟಿದ ಹಾಡು

"ಉಳಿದದ್ದೆಲ್ಲಾ ತಗೊಂಡು ಹೋಗು ಮಗಳೇ. ಕೊನೇ ಹಾಡು ಮಾತ್ರ ಹಾಕ್ಬೇಡ. ನೀನೂ ಕೇಳ್ಬೇಡ."

ಆರ್ವೆಲ್ ಬಾಸ್ ಅದನ್ನು ಹೇಳಿದ ರೀತಿಗೇ ರೊವೀನಾಳಿಗೆ ನಗು ಬಂತು. ಹೆದರಿಸುವವನ ದನಿಯಲ್ಲಿ ತುಸುವಾದರೂ ಹೆದರಿಕೆ ಬೇಡವೇ? ಮುದುಕ ಹಾಲು ಮುಗಿದಿದೆ ಎನ್ನುವ ಅಂಗಡಿಯವನ ಹಾಗೆ ಹೇಳಿದ್ದ.

"ಕೇಳಿದ್ರೆ ದೆವ್ವ ಬರುತ್ತಾ ಮಾಮ?"

"ಏನೂ ಬರಲ್ಲ. ಅದೇ ಕಷ್ಟ."

ಸಬೀನ್ ನದಿಯ ದಂಡೆಯ ಆ ಹಳೆಯ ಡ್ಯಾನ್ಸ್ ಹಾಲ್‌ನ ಕಿಟಕಿಗಳಿಗೆಲ್ಲ ಹಲಗೆ ಹೊಡೆದಿದ್ದರು. ಹೊರಗೆ ಟೆಕ್ಸಸ್‌ನ ಮಧ್ಯಾಹ್ನ ಕುದಿಯುತ್ತಿದ್ದರೂ ಒಳಗೆ ಬಾವಿಯಂಥ ಕತ್ತಲೆ. ಇಲಿಯ ಮೂತ್ರದ ನಾತ, ದಶಕಗಳ ಕಾಲ ಚೆಲ್ಲಿದ ಬಿಯರು ಹೀರಿಕೊಂಡ ಮರದ ಹುಳಿ ವಾಸನೆ. ಸಬೀನ್ ಬಾಟಮ್ ಬಾಯ್ಸ್ ಎಂಬ ಕಂಟ್ರಿ ರಾಕ್ ತಂಡ ಕಟ್ಟಕಡೆಗೆ ನುಡಿಸಿದ್ದು ಇಲ್ಲೇ. ಆರ್ವೆಲ್ ಅದರ ಡ್ರಮ್ಮರ್. ಬದುಕಿ ಉಳಿದವನು ಅವನೊಬ್ಬನೇ. ಆ ಸಂಜೆಯ ಟೇಪುಗಳನ್ನು ಲೈವ್ ಆಲ್ಬಮ್ ಮಾಡಿ ಹೊರತರಲು ರೊವೀನಾ ನ್ಯಾಶ್‌ವಿಲ್‌ನಿಂದ ಬಂದಿದ್ದಳು. ಹಳೆಯ ಧ್ವನಿಮುದ್ರಣಗಳನ್ನು ಶುಚಿಗೊಳಿಸುವುದು ಅವಳ ಕಸುಬು.

ಆದರೆ ಅವಳನ್ನು ಎಳೆದು ತಂದದ್ದು ಕಸುಬಲ್ಲ. ತಂಡದ ಗಾಯಕ ಡೂಯಿ ಪ್ರೂಯಿಟ್ ಅವಳ ಅಪ್ಪ. ಅವಳು ತೊಟ್ಟಿಲಲ್ಲಿದ್ದಾಗಲೇ ಸತ್ತವನು. ಅವನ ಹಾಡುಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿದ್ದಳು. ಅವನು ಮಾತಾಡಿದ್ದನ್ನು ಕೇಳಿರಲಿಲ್ಲ.

"ಲೆಮ್ ಗ್ರಬ್ಸ್ ಅಂತ ಸ್ಟೀಲ್ ಗಿಟಾರ್ ನುಡಿಸ್ತಿದ್ದ," ಎಂದ ಆರ್ವೆಲ್. "ಕುಡೀತಾನೆ ಅಂತ ತಂಡದಿಂದ ಹೊರಗೆ ಹಾಕಿದ್ವಿ. ಅವನು ಕಟ್ಟಿದ ಹಾಡು ಮಾತ್ರ ಇಟ್ಕೊಂಡ್ವಿ. ಕಾಲು ಹಿಡ್ಕೊಂಡು ಅತ್ತ. ನಾವು ನೋಡ್ತಾ ನಿಂತ್ವಿ. ಅವತ್ತೇ ಹೊಳೆಗೆ ಬಿದ್ದ. ಮಾರನೇ ದಿನ ಇಲ್ಲೇ, ಎಲ್ಲಾ ಮುಗಿದ ಮೇಲೆ ಕೊನೇದಾಗಿ, ನಾವು ಅದೇ ಹಾಡು ಹಾಡಿದ್ವಿ. ಅವರಮ್ಮ ಹೆಸ್ಟರ್ ಬಂದು ಎದುರಿಗೇ ನಿಂತ್ಲು. ಬೇರು ಕಟ್ಟೋದು, ಮಾಟ ತೆಗೆಯೋದು, ಹಾಕೋದು ಎಲ್ಲಾ ಬಲ್ಲವಳು."

"ಆಮೇಲೆ?"

"ನಿಮ್ಮಪ್ಪ ಸೌದೆ ಸೀಳ್ತಿದ್ದಾಗ ಕೊಡಲಿ ಕಾಲಿಗೆ ಬಿತ್ತು. ಗೊತ್ತೇ ಆಗ್ಲಿಲ್ಲ ಅವನಿಗೆ. ಬೂಟಿನ ತುಂಬ ರಕ್ತ ಇಟ್ಕೊಂಡು ಸಂಜೇವರೆಗೂ ಸೀಳಿದ. ಹಾಗೇ ಹೋದ."

"ಅಷ್ಟು ಭಯ ಇದ್ರೆ ಸುಡಬೇಕಿತ್ತು ಈ ಟೇಪನ್ನ."

"ಎಷ್ಟೋ ಸಲ ಒಲೆ ಮುಂದೆ ತಗೊಂಡು ಹೋದೆ. ಅಲ್ಲಿ ನಿಂತ್ರೆ ಯಾಕೆ ಸುಡ್ಬೇಕು ಅನ್ನೋದೇ ಹೊಳೆಯಲ್ಲ. ಭಯ ಇದ್ರೆ ತಾನೆ? ಬಂದವರಿಗೆ ಹೇಳು ಅಂತ ನನ್ನ ಹೆಂಡತಿ ಸಾಯೋವಾಗ ಆಣೆ ಹಾಕಿಸ್ಕೊಂಡ್ಲು. ಹೇಳ್ದೆ."

ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ರೊವೀನಾ ನಗುತ್ತಲೇ ತಾನು ತಂದಿದ್ದ ಯಂತ್ರಕ್ಕೆ ಟೇಪು ಏರಿಸಿ, ಹೆಡ್‌ಫೋನ್ ಹಾಕಿಕೊಂಡಳು.

ಬಾಟಲಿಗಳ ಸದ್ದು. ನೆಲಕ್ಕೆ ಬಡಿಯುವ ಬೂಟುಗಳು. ಶಿಳ್ಳೆ. ಕತ್ತಲ ಹಾಲ್ ಅವಳ ಸುತ್ತ ಜನರಿಂದ ತುಂಬಿಕೊಂಡಿತು. ಹಾಡುಗಳು ಒಂದೊಂದಾಗಿ ಮುಗಿದವು. ಆಮೇಲೆ ಅಪ್ಪ ಮೈಕಿಗೆ ಬಾಯಿ ಹತ್ತಿರ ತಂದು, ಏದುಸಿರಿನ ನಡುವೆ ನಕ್ಕ.

"ಈ ಕೊನೇದು ನನ್ನ ಮಗೂಗೆ. ಇನ್ನೂ ಹುಟ್ಟಿಲ್ಲ ಅದು. ಏ ಪುಟ್ಟಾ, ಕೇಳಿಸ್ತಿದ್ಯಾ?"

ರೊವೀನಾ ಒಂದು ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಕಣ್ಣೀರು ಧಾರೆಯಾಗಿ ಇಳಿಯಿತು. ನಿಲ್ಲಿಸುವ ಗುಂಡಿಯ ಮೇಲೆ ಬೆರಳಿತ್ತು. ಅವಳು ಒತ್ತಲಿಲ್ಲ.

ಹಾಡು ಶುರುವಾಯಿತು. ಎರಡನೆಯ ಚರಣದಲ್ಲಿ ಸ್ಟೀಲ್ ಗಿಟಾರ್ ಸೇರಿಕೊಂಡಿತು. ನೀರಿನಡಿಯಿಂದ ಬಂದಂತೆ. ಅವಳು ಬೆಚ್ಚಿದಳು. ಅದನ್ನು ನುಡಿಸುವವನು ಹೊಳೆಯಲ್ಲಿ ಸತ್ತಿದ್ದನಲ್ಲ? ತಂತಿ ಅಳುತ್ತಿತ್ತು. ಕಾಲು ಹಿಡಿದು ಅಳುವವನ ಹಾಗೆ. ಶಿಳ್ಳೆ ನಿಂತಿತು. ಬೂಟುಗಳು ನಿಂತವು. ಕೆಸರಿನ ವಾಸನೆ. ಹೊಳೆಯ ಕೆಸರು. ಕುತ್ತಿಗೆಯ ಹಿಂದೆ ತಣ್ಣನೆಯ ಉಸಿರು. ಒಬ್ಬ ಹೆಂಗಸಿನ ದನಿ. ಟೇಪಿನಲ್ಲೋ, ಹಾಲ್‌ನಲ್ಲೋ.

"ನನ್ನ ಮಗ ಅತ್ತಾಗ ನಿಮಗೆ ತಾಗಲಿಲ್ಲ. ಇದನ್ನ ಕೇಳಿದೋರಿಗೆ ಇನ್ನು ಯಾವುದೂ ತಾಗದಿರಲಿ."

ಅವಳು ಹೆಡ್‌ಫೋನ್ ಕೀಳಲು ಕೈ ಎತ್ತಹೋದಳು. ಕೈ ಏರಲಿಲ್ಲ. ಎದೆ ಡವಡವ ಬಡಿಯಿತು. ಬಡಿಯಿತು. ಆಮೇಲೆ ಸುಮ್ಮನಾಯಿತು.

ಟೇಪು ಮುಗಿದು ಚಕ್ರ ಚಟಚಟ ಸುತ್ತುತ್ತಿತ್ತು.

ರೊವೀನಾ ಹಿಂದಕ್ಕೆ ಸುತ್ತಿ ಅಪ್ಪನ ಮಾತನ್ನು ಮತ್ತೆ ಹಾಕಿದಳು. "ಏ ಪುಟ್ಟಾ, ಕೇಳಿಸ್ತಿದ್ಯಾ?" ಕೇಳಿಸುತ್ತಿತ್ತು. ಒಬ್ಬ ಗಂಡಸಿನ ದನಿ, ಹಿಂದೆ ಸಣ್ಣಗೆ ವಿದ್ಯುತ್ತಿನ ಗುಂಯ್ ಸದ್ದು. ಆ ಸದ್ದನ್ನು ತೆಗೆಯಬಹುದು. ಅಷ್ಟೇ ಅನ್ನಿಸಿದ್ದು. ಮತ್ತೊಮ್ಮೆ ಹಾಕಿದಳು. ಕೆನ್ನೆಯ ಮೇಲೆ ಕಣ್ಣೀರು ಒಣಗುತ್ತಿತ್ತು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುವಾಗ ಅದು ಬೆರಳುಗಳ ಮೇಲೆ ಸುರಿಯಿತು. ಹಬೆ ಏಳುವುದನ್ನೂ ಚರ್ಮ ಕೆಂಪಾಗುವುದನ್ನೂ ನೋಡುತ್ತಾ ನಿಂತಳು.

ಅವಳು ಹೊರಗೆ ಬಂದಾಗ ಆರ್ವೆಲ್ ತಲೆ ಎತ್ತಿದ.

"ಕೇಳ್ದೆಯಾ?"

"ಕೇಳ್ದೆ."

"ಬೆಳಗ್ಗೆ ಎದ್ದು ಮೈಯೆಲ್ಲ ಕನ್ನಡಿಯಲ್ಲಿ ನೋಡ್ಕೋ. ಗಾಯ ಆಗಿದ್ರೆ ಗೊತ್ತಾಗಲ್ಲ."

"ಆಯ್ತು ಮಾಮ."

ಮಾತು ಮುಂದುವರಿಸಲು ಇಬ್ಬರಿಗೂ ಕಾರಣ ಕಾಣಲಿಲ್ಲ.

ವಾರ ಕಳೆದ ಮೇಲೆ ಆಲ್ಬಮ್ ಹೊರತರುತ್ತಿದ್ದ ಗಸ್ ಫೋನ್ ಮಾಡಿದ. "ಬೇಗ ಕಳಿಸೇ ಮಾರಾಯ್ತಿ, ಅಂಗಡಿಯವರು ಕಾಯ್ತಿದಾರೆ. ಕೊನೇ ಹಾಡು ಚೆನ್ನಾಗಿದ್ಯಾ?"

ಆ ಹಾಡು ಹೊರಗೆ ಹೋಗಬಾರದೆಂದು ರೊವೀನಾಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಹೋದರೆ ಏನಾಗುತ್ತದೆಂದೂ ಗೊತ್ತಿತ್ತು. ಆ ಅರಿವು ಬೇರೆ ಯಾರದೋ ಮನೆಯ ವಿಳಾಸದ ಹಾಗೆ ತಲೆಯಲ್ಲಿ ಬಿದ್ದಿತ್ತು. ತಡೆಯಲು ಎದೆಯೊಳಗಿಂದ ಏನೋ ಏಳಬೇಕಿತ್ತು. ಏಳಲಿಲ್ಲ.

"ಸ್ಪಷ್ಟವಾಗಿದೆ," ಎಂದಳು, ಹಾಡನ್ನು ಕಳಿಸಿಯೂ ಬಿಟ್ಟಳು.

ಬಿಡುಗಡೆಯ ಶನಿವಾರ ನ್ಯಾಶ್‌ವಿಲ್‌ನ ರೆಕಾರ್ಡ್ ಅಂಗಡಿ ಕಿಕ್ಕಿರಿದಿತ್ತು. ಹಳೆಯ ಅಭಿಮಾನಿಗಳು, ಹೊಸ ಹುಡುಗಿಯರು, ಹೆಗಲ ಮೇಲೆ ಮಕ್ಕಳನ್ನು ಹೊತ್ತವರು. ಸ್ಪೀಕರಿನಲ್ಲಿ ಬಂದ ಪ್ರತಿ ಹಾಡಿಗೂ ಕೇಕೆ ಹಾಕಿದರು. ಕೊನೆಯದು ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬೊಬ್ಬರಾಗಿ ಬಾಗಿಲ ಕಡೆ ನಡೆದರು.

ಭಾರದ ಗಾಜಿನ ಬಾಗಿಲು ಹಿಂದಕ್ಕೆ ಬಂದು ಒಂದು ಪುಟ್ಟ ಹುಡುಗಿಯ ಬೆರಳುಗಳ ಮೇಲೆ ಮುಚ್ಚಿಕೊಂಡಿತು. ಗಾಜಿನ ಮೇಲೆ ರಕ್ತ ಇಳಿಯಿತು. ಮಗು ಅಳಲಿಲ್ಲ. ಕೈಯನ್ನು ಸುಮ್ಮನೆ ನೋಡುತ್ತಿತ್ತು.

ಅವಳಮ್ಮನೂ ನೋಡಿದಳು.

"ಬಾ, ಹೊತ್ತಾಯ್ತು," ಎಂದು ಇನ್ನೊಂದು ಕೈ ಹಿಡಿದು ಎಳೆದಳು.