ಇಟ್ಟಮಡುವಿಗೆ ಬಂದ ದೋಣಿಯ ಇಂಜಿನ್

"ಆ ಸ್ಪ್ರೇ ಡಬ್ಬಿ ಕೆಳಗಿಡಿ."

ಶಶಿಧರ್ ಬೆಚ್ಚಿ ತಿರುಗಿದ. ಇಟ್ಟಮಡುವಿನ ಜನರೇಟರ್ ರಿಪೇರಿ ಶೆಡ್ಡಿನ ಬಾಗಿಲಲ್ಲಿ, ಗ್ರೀಸ್ ಮೆತ್ತಿದ ಅಂಗಿ ತೊಟ್ಟ ಹೆಂಗಸೊಬ್ಬಳು ಸ್ಪ್ಯಾನರ್ ಹಿಡಿದು ನಿಂತಿದ್ದಳು.

"ಅಲ್ಲ ಮೇಡಂ... ಇದನ್ನ ಹೊಡೆದ್ರೆ ತಕ್ಷಣ ಸ್ಟಾರ್ಟ್ ಆಗತ್ತೆ ಅಂದ್ರು."

"ಇವತ್ತು ಆಗತ್ತೆ. ನಾಳೆ ಪಿಸ್ಟನ್ ಒಡೆಯತ್ತೆ. ನನ್ನ ಶೆಡ್ಡಲ್ಲಿ ಅದೆಲ್ಲ ನಡೆಯಲ್ಲ."

ಅವನು ಡಬ್ಬಿ ಕೆಳಗಿಟ್ಟ. ಬಿಸಿಲಿಗೆ ಕಂದಿದ ಮುಖ, ನಗುವಿಗೆ ಮೊದಲೇ ಸಿದ್ಧವಾಗಿರುವ ಕಣ್ಣು... ಶೆಡ್ಡಿನ ಒಡತಿ ರೇಖಾಳ ಎದೆಯಲ್ಲಿ ಏನೋ ಸಣ್ಣಗೆ ಕದಲಿತು. ಅವಳು ಬೇಗನೆ ಇಂಜಿನ್ನಿನ ಕಡೆ ನೋಡಿದಳು.

"ಯಾವ ಜನರೇಟರ್‌ದು ಇದು? ರೇಡಿಯೇಟರೇ ಇಲ್ಲ."

"ಜನರೇಟರ್ ಅಲ್ಲ. ಹಾಯಿದೋಣಿದು."

"ದೋಣಿ ಎಲ್ಲಿ?"

"ಕಾರವಾರದಲ್ಲಿ."

ಪಕ್ಕದ ಟೀ ಅಂಗಡಿಯಿಂದ ಸುಧಾಮಣಿ ಕತ್ತು ಚಾಚಿದಳು. "ಒಳ್ಳೇದಾಯ್ತು ಬಿಡಿ ಅಣ್ಣ. ಬನಶಂಕರಿ ಸಮುದ್ರಕ್ಕೆ ಇದೊಂದು ಕಮ್ಮಿ ಇತ್ತು."

ಶಶಿಧರ್ ಬೆಳೆದದ್ದು ಕುಮಾರಸ್ವಾಮಿ ಲೇಔಟಿನಲ್ಲಿ. ಹಡಗಿನ ಕೆಲಸ ಬಿಟ್ಟ ಮೇಲೆ ಗೆಳೆಯನ ಜೊತೆ ಹಳೆಯ ಹಾಯಿದೋಣಿಯೊಂದನ್ನು ಕೊಂಡು ಪ್ರವಾಸಿಗರನ್ನು ಸುತ್ತಾಡಿಸುತ್ತಿದ್ದ. ಗಾಳಿ ನಿಂತ ದಿನ ದಡ ಸೇರಿಸಬೇಕಾದದ್ದು ಈ ಡೀಸೆಲ್ ಇಂಜಿನ್. ಅದೇ ಸ್ಟಾರ್ಟ್ ಆಗದೆ ಹಟ ಮಾಡುತ್ತಿತ್ತು. ದಸರಾದೊಳಗೆ ಸರಿಯಾಗದಿದ್ದರೆ ದೋಣಿ ಮಾರಿಬಿಡೋಣ ಎಂದು ಗೆಳೆಯ ಹೇಳಿಯಾಗಿತ್ತು.

"ಅಲ್ಲಿಯವರೆಲ್ಲ ಗುಜರಿಗೆ ಹಾಕಿ ಅಂದ್ರು. ಇಟ್ಟಮಡುಲಿ ಒಬ್ರಿದಾರೆ, ಹಿಡಿದಿದ್ದು ಬಿಡಲ್ಲ ಅಂತ ಕೇಳ್ದೆ. ಬಂದೆ."

ಮದುವೆ ಮುರಿದ ಮೇಲೆ ಮಗಳ ಕೈಹಿಡಿದು ತವರಿಗೆ ಬಂದ ರೇಖಾ, ಅಪ್ಪನ ಶೆಡ್ಡನ್ನು ತಾನೇ ನಡೆಸುತ್ತಿದ್ದಳು. ಹಿಡಿದದ್ದನ್ನು ಬಿಡದಿರುವುದು ಅವಳಿಗೆ ಗುಣವಲ್ಲ, ಬದುಕು.

"ಬಿಟ್ಟು ಹೋಗಿ. ಫೋನ್ ಮಾಡ್ತೀನಿ," ಎಂದಳು.

ಆದರೆ ಅವನು ದಿನವೂ ಬಂದ.

ಬ್ಯಾಟರಿಯ ಕೇಬಲ್ ಬದಲಾಯಿಸಿದರು. ಇಂಜಿನ್ನಿನ ಒಳಗನ್ನು ಬಿಸಿ ಮಾಡುವ ಗ್ಲೋ ಪ್ಲಗ್ಗುಗಳನ್ನು ಹೊಸದಾಗಿ ಹಾಕಿದರು. ಫಿಲ್ಟರ್ ಬದಲಾಯಿತು. ಆದರೂ ಬೆಳಿಗ್ಗೆ ಕೀ ತಿರುಗಿಸಿದರೆ ಅದೇ ಗರ್ ಗರ್... ಏದುಸಿರು... ಮೌನ.

ಸಂಜೆ ಶಾಲೆಯಿಂದ ಬಂದ ಮಗಳಿಗೆ ಅವನು ನಾವಿಕರ ಗಂಟು ಹಾಕುವುದನ್ನು ಕಲಿಸುತ್ತಿದ್ದರೆ ರೇಖಾಳ ಕೈ ಅರೆಗಳಿಗೆ ನಿಲ್ಲುತ್ತಿತ್ತು.

'ಇದು ಸ್ಟಾರ್ಟ್ ಆದ ದಿನ ಇವನು ಹೊರಟುಹೋಗುತ್ತಾನೆ... ಆಗದಿದ್ದರೆ ಇವನ ದೋಣಿಯೇ ಹೋಗುತ್ತದೆ.'

ಅವಳು ತಲೆ ಕೊಡವಿ ಮತ್ತೆ ಸ್ಪ್ಯಾನರ್ ಹಿಡಿಯುತ್ತಿದ್ದಳು. ಸ್ಟಾರ್ಟ್ ಆಗಲೇಬೇಕು.

ಒಂದೇ ಒಂದು ವಿಷಯ ಅವಳನ್ನು ಚುಚ್ಚುತ್ತಿತ್ತು. ಈ ಇಂಜಿನ್ ತಣ್ಣಗಾಗುವುದು ಸಮುದ್ರದ ನೀರಿನಿಂದ. ಅದರ ಬದಲಿಗೆ ಅವಳು ನೀರು ತುಂಬಿದ ನೀಲಿ ಡ್ರಮ್ಮಿನಿಂದ ಪೈಪು ಎಳೆದು ನಲ್ಲಿ ಕೂರಿಸಿದ್ದಳು. ಅವಳು ಕೀ ತಿರುಗಿಸುವ ಮೊದಲು ಶಶಿಧರ್ ಸದ್ದಿಲ್ಲದೆ ಆ ನಲ್ಲಿಯನ್ನು ಮುಚ್ಚುತ್ತಿದ್ದ.

"ನೀರಿಲ್ದೆ ಇಂಜಿನ್ ಓಡ್ಸೋರನ್ನ ನಾನು ಶೆಡ್ಡೊಳಗೇ ಬಿಡಲ್ಲ," ಎಂದು ಅವಳು ಒಮ್ಮೆ ಗದರಿದ್ದಳು. ಅವನು ತಲೆಯಾಡಿಸಿದ್ದ. ಮರುದಿನ ಮತ್ತೆ ಮುಚ್ಚಿದ್ದ.

'ಇವನಿಗೆ ನನ್ನ ಕೆಲಸದ ಮೇಲೆ ನಂಬಿಕೆ ಇಲ್ಲ... ಬಾಯಿಬಿಟ್ಟು ಹೇಳುವ ಧೈರ್ಯವೂ ಇಲ್ಲ.'

ಒಂದು ಶುಕ್ರವಾರ ಬೆಳಿಗ್ಗೆ ಅವನಿನ್ನೂ ಬಂದಿರಲಿಲ್ಲ. ರೇಖಾ ನಲ್ಲಿಯನ್ನು ಪೂರ್ತಿ ತೆರೆದು ಕೀ ತಿರುಗಿಸಿದಳು. ಏಳಲಿಲ್ಲ. ಮತ್ತೆ ತಿರುಗಿಸಿದಳು, ಇನ್ನೂ ಜಾಸ್ತಿ ಹೊತ್ತು. ಮತ್ತೆ... ಮತ್ತೆ...

ಟಕ್.

ಇಂಜಿನ್ ಕಲ್ಲಿನಂತೆ ನಿಂತುಬಿಟ್ಟಿತು. ಅವಳು ಡೀಸೆಲ್ ಸಿಂಪಡಿಸುವ ಒಂದು ಇಂಜೆಕ್ಟರ್ ಬಿಚ್ಚಿದಳು. ಒಳಗಿನಿಂದ ನೀರು ಚಿಮ್ಮಿತು.

ಆಗ ಅವಳಿಗೆ ಅರ್ಥವಾಯಿತು. ದೋಣಿಯ ಇಂಜಿನ್ನಿನಲ್ಲಿ ತಣಿಸುವ ನೀರು ಹೊಗೆಯ ಜೊತೆಗೇ ಹೊರಬೀಳುತ್ತದೆ. ಹೊಗೆ ತಳ್ಳಿದರಷ್ಟೇ ಹೊರಗೆ. ಇಂಜಿನ್ ಏಳದೆ ಬರೀ ತಿರುಗಿದರೆ ನೀರು ಹೊಗೆಯ ಕೊಳವೆಯಲ್ಲಿ ತುಂಬಿಕೊಂಡು ಹಿಂದಕ್ಕೆ, ಇಂಜಿನ್ನಿನ ಒಳಕ್ಕೇ. ಅವನು ನಲ್ಲಿ ಮುಚ್ಚುತ್ತಿದ್ದುದು ಅದಕ್ಕೇ. ಜನರೇಟರ್ ಬಿಚ್ಚಿ ಬೆಳೆದ ಕೈಗೆ ಇದು ಹೇಗೆ ಹೊಳೆಯಬೇಕು?

ಶಶಿಧರ್ ಬಾಗಿಲಲ್ಲಿ ನಿಂತಿದ್ದ. ತೆರೆದ ನಲ್ಲಿಯನ್ನು ನೋಡಿದ. ನೆಲದ ಮೇಲಿನ ನೀರನ್ನು ನೋಡಿದ. ತಿರುಗಿ ಬೈಕ್ ಹತ್ತಿ ಹೊರಟುಹೋದ.

"ಹೋದ್ರಲ್ಲ ರೇಖಕ್ಕ," ಸುಧಾಮಣಿ ಮೆಲ್ಲಗೆ ಅಂದಳು. "ಅವ್ರು ಊರು ಬಿಡಬಾರ್ದು ಅಂತ ನೀವೇ ಬೇಕಂತ ಕೆಡಿಸಿದ್ರಿ ಅಂದ್ಕೊಂಡ್ರೇನೋ."

ರೇಖಾಳ ಕಣ್ಣು ತುಂಬಿತು. ಹಾಗೆ ಅಂದುಕೊಂಡಿರಬಹುದೇ... ತನ್ನ ಮನಸ್ಸು ಅಷ್ಟು ಬಯಲಾಗಿತ್ತೇ...

ಅಳುವುದಕ್ಕೆ ಹೊತ್ತಿರಲಿಲ್ಲ. ನೀರು ಒಳಗೇ ನಿಂತರೆ ತುಕ್ಕು ಶುರು. ಅವನು ಬರಲಿ, ಬಿಡಲಿ, ಈ ಇಂಜಿನ್ ಸಾಯಬಾರದು. ಉಳಿದ ಇಂಜೆಕ್ಟರುಗಳನ್ನೂ ಬಿಚ್ಚಿ, ಇಂಜಿನ್ನಿನ ಚಕ್ರವನ್ನು ಕೈಯಿಂದಲೇ ತಿರುಗಿಸಿ ನೀರನ್ನು ಹೊರಗೆ ಹಾಕತೊಡಗಿದಳು. ಅಂಗೈ ಚರ್ಮ ಕಿತ್ತು ಬಂತು. ನಿಲ್ಲಿಸಲಿಲ್ಲ.

ಬೈಕ್ ಸದ್ದಾಯಿತು. ಹ್ಯಾಂಡಲಿನ ಎರಡೂ ಕಡೆ ಆಯಿಲ್ ಕ್ಯಾನು ನೇತುಹಾಕಿಕೊಂಡು ಶಶಿಧರ್ ಬಂದಿದ್ದ.

"ಆಯಿಲ್‌ಗೂ ನೀರು ಸೇರಿರತ್ತೆ, ಮೂರ್ನಾಕು ಸಲ ಬದಲಾಯಿಸ್ಬೇಕು. ಬನಶಂಕರಿಲಿ ಮೊದಲ ಅಂಗಡಿ ಬಾಗಿಲು ಹಾಕಿತ್ತು, ಅದಕ್ಕೇ ಲೇಟು."

"ನಾನು... ಬೇಕಂತ ಮಾಡಿದ್ದಲ್ಲ."

"ಗೊತ್ತು. ನನ್ನದೇ ತಪ್ಪು. ಯಾಕೆ ಮುಚ್ತೀನಿ ಅಂತ ಬಾಯಿಬಿಟ್ಟು ಹೇಳ್ಬೇಕಿತ್ತು."

"ಯಾಕೆ ಹೇಳ್ಲಿಲ್ಲ?"

ಅವನು ಕ್ಯಾನಿನ ಮುಚ್ಚಳ ತಿರುಗಿಸುತ್ತ ತಲೆ ತಗ್ಗಿಸಿದ. "ಎದುರು ಮಾತಾಡಿದ್ರೆ ಇಂಜಿನ್ ಎತ್ಕೊಂಡು ಹೋಗಿ ಅಂತೀರ ಅಂತ ಭಯ. ಆಮೇಲೆ ಇಲ್ಲಿಗೆ ಬರೋಕೆ ನಂಗೇನು ನೆಪ ಇರ್ತಿತ್ತು?"

ಬಟ್ಟೆಯ ಚೂರು ತೆಗೆದು ಅವನು ಅವಳ ಅಂಗೈಗೆ ಸುತ್ತುವಾಗ ರೇಖಾ ಕೈ ಎಳೆದುಕೊಳ್ಳಲಿಲ್ಲ.

ಆಯಿಲ್ ಸ್ವಚ್ಛವಾಗಿ ಬರುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಈಗ ಮೂಲ ರೋಗ. ರೇಖಾ ಡೀಸೆಲ್ ಪಂಪಿನ ಮುಂದೆ ಒಂದು ತುಂಡು ಪಾರದರ್ಶಕ ಪೈಪು ಸಿಕ್ಕಿಸಿದಳು. ಇಬ್ಬರೂ ತಲೆ ತಾಗುವಷ್ಟು ಹತ್ತಿರ ಬಾಗಿದರು.

ಡೀಸೆಲ್ ಜೊತೆ ಸಣ್ಣ ಸಣ್ಣ ಗುಳ್ಳೆಗಳು ಹರಿದವು.

"ಗಾಳಿ," ಎಂದಳು ರೇಖಾ. "ಇಂಜಿನ್ ನಿಂತಾಗ ಪೈಪು ಒಳಗೆ ಗಾಳಿ ಎಳ್ಕೊಳ್ತಿದೆ. ಡೀಸೆಲ್ ಹೊರಗೆ ಸೋರದೇ ಇರೋದ್ರಿಂದ ಯಾರಿಗೂ ಕಾಣಿಸಿಲ್ಲ."

ಹಳೆಯ ರಬ್ಬರ್ ಪೈಪನ್ನು ಬಿಗಿದಿದ್ದ ಕ್ಲಿಪ್ಪಿನ ಕೆಳಗೆ ಕೂದಲೆಳೆಯಂಥ ಬಿರುಕು. ಪೈಪು ಬದಲಾಯಿತು, ಗಾಳಿ ಹೊರಹೋಯಿತು. ನಲ್ಲಿಯನ್ನು ಈ ಸಲ ಅವಳೇ ಮುಚ್ಚಿದಳು. ಕೀ ತಿರುಗಿಸಿದಳು.

ಡುಗ್... ಡುಗ್ ಡುಗ್ ಡುಗ್!

"ನೀರು ಬಿಡಿ," ಎಂದಳು. ಅವನಾಗಲೇ ಬಿಟ್ಟಿದ್ದ.

ಶೆಡ್ಡಿನ ತಗಡುಗಳೆಲ್ಲ ಅದುರುತ್ತಿದ್ದವು. ಗೆದ್ದ ಖುಷಿಯ ಹಿಂದೆಯೇ ರೇಖಾಳ ಎದೆಗೆ ಭಾರವೊಂದು ಇಳಿಯಿತು. ಮುಗಿಯಿತು... ಇನ್ನು ಹೊರಡುತ್ತಾನೆ.

ಅವನು ಇಂಜಿನ್ ಆರಿಸಿದ. "ದೋಣಿಲಿ ಇದನ್ನ ಕೂರಿಸೋಕೆ ನೀವೇ ಬರ್ಬೇಕು."

"ಕೂರಿಸಿ ಬಂದ್ಬಿಡ್ತೀನಿ."

"ಬಂದ್ಬಿಡೋದು ಬೇಡ ಅಂತಾನೇ ಕೇಳ್ತಿದೀನಿ ರೇಖಾ."

ಅವಳು ಹೇಳಬೇಕಾದದ್ದನ್ನು ಹೇಳಿದಳು. "ನಾನು ಶೆಡ್ ಬಿಡಲ್ಲ. ಮಗಳ ಸ್ಕೂಲೂ ಇಲ್ಲೇ."

"ಬಿಡಿ ಅಂದೋರ್ಯಾರು? ಮಳೆಗಾಲದಲ್ಲಿ ದೋಣಿ ನೀರಿಗಿಳಿಯಲ್ಲ. ಅಷ್ಟೂ ತಿಂಗಳು ನಾನಿಲ್ಲಿ. ಸೀಸನ್ನಲ್ಲಿ ರಜೆ ಸಿಕ್ಕಾಗೆಲ್ಲ ನೀವಲ್ಲಿ. ಉಳಿದಿದ್ದಕ್ಕೆ ರಾತ್ರಿ ಬಸ್ಸಿದೆ."

"ಮಗಳನ್ನ ಕೇಳ್ಬೇಕು."

"ನಿನ್ನೆನೇ ಕೇಳ್ದೆ."

"ಏನಂದ್ಲು?"

"ನಾನು ರೆಡಿ ಅಂಕಲ್, ಅಮ್ಮ ಮಾತ್ರ ಒಪ್ಪಲ್ಲ ಅಂದ್ಲು."

ರೇಖಾ ಬಟ್ಟೆ ಸುತ್ತಿದ ಕೈಯನ್ನು ಅವನ ಕೈಯೊಳಗಿಟ್ಟು ನಕ್ಕಳು.

"ಅವಳಿಗೆ ಅವಳಮ್ಮ ಇನ್ನೂ ಪೂರ್ತಿ ಗೊತ್ತಿಲ್ಲ."